ಸಪಾಟು ದಾರಿಯಲ್ಲಿ ಅಡಗಿ ಕುಳಿತ ಏರು ಅವರ ಸನ್ನಿಧಾನಕ್ಕೆ

ಮಾನ್ಯರೇ,

ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯ ಹಳ್ಳಿಗಾಡಿನಲ್ಲಿ, ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಡಾಂಬರು ಬಳಿದು, ಸೈಕಲ್ ಸವಾರರಿಗೂ ಕಾಲ್ನಡಿಗೆಯವರಿಗೂ ಬಿಟ್ಟುಕೊಟ್ಟ ದಾರಿಯೊಂದರ ಮೈಯೊಳಗೆ ಯಾರ ಕಣ್ಣಿಗೂ ಬೀಳದಂತೆ ವಾಸವಾಗಿರುವ ಶೇಕಡಾ ಎರಡರ ಏರು ಆದ ತಮ್ಮ ಪಾದಗಳಿಗೆ, ಅಮೆರಿಕದ ಇಲಿನಾಯ್ ರಾಜ್ಯದ ಶಾಮ್‌ಬರ್ಗ್ ನಿವಾಸಿ ಕೇಶವ್ ಮಾಡುವ ಸವಿನಯ ನಮಸ್ಕಾರಗಳು. ತಮಗೆ ಪಾದಗಳಿವೆಯೋ ಇಲ್ಲವೋ ನಾನರಿಯೆ. ನನ್ನ ಪಾದಗಳನ್ನಂತೂ ತಾವು ಚೆನ್ನಾಗಿ ಬಲ್ಲಿರಿ. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರದೆ ಇರಲು ತಮಗೇನು ಕಾರಣ, ಹತ್ತುವವರು ನಾವಲ್ಲವೇ.

ಮೊದಲಿಗೆ ತಮ್ಮ ಸೌಜನ್ಯವನ್ನು ಹೊಗಳಲೇಬೇಕು. ನೂರು ಅಡಿ ಮುಂದೆ ಹೋದರೆ ಎರಡೇ ಅಡಿ ಮೇಲೆ ಹೋಗುವ ತಾವು ಕಾಗದದ ಮೇಲೆ ನೋಡಿದರೆ ಯಾರ ತಂಟೆಗೂ ಹೋಗುವ ಪೈಕಿಯಲ್ಲ. ಬೇರೆ ಬೆಟ್ಟಗಳು ದೂರದಿಂದಲೇ ಎದೆ ಸೆಟೆಸಿ ನಿಂತು, ಬಾ ನೋಡೋಣ ಎಂದು ಕರೆಯುತ್ತವೆ. ಅವುಗಳ ಮುಂದೆ ಸೋತರೆ ಫೋಟೋ ಹಾಕಿಕೊಳ್ಳುವಷ್ಟಾದರೂ ಮರ್ಯಾದೆ ಉಳಿಯುತ್ತದೆ. ತಾವು ಹಾಗಲ್ಲ. ಎಡಕ್ಕೆ ಸೂರ್ಯಕಾಂತಿ, ಬಲಕ್ಕೆ ಕೆನೆ ಬಣ್ಣದ ಹಸುಗಳು, ನಡುವೆ ಸ್ಕೇಲ್ ಇಟ್ಟು ಎಳೆದಂತೆ ನೇರವಾದ ದಾರಿ. ಇದರಲ್ಲಿ ತಾವೆಲ್ಲಿ ಎಂದು ಕೇಳಿದರೆ ಅತ್ಯಂತ ವಿನಯದಿಂದ ಎಲ್ಲಿಯೂ ಇಲ್ಲ. ಇಷ್ಟು ನಿಗರ್ವಿಯಾಗಿ ಇಬ್ಬರು ಗಂಡಸರ ಮಾನ ಕಳೆದವರನ್ನು ನಾನು ಇಡೀ ಜೀವಮಾನದಲ್ಲಿ ಕಂಡಿಲ್ಲ.

ನಮ್ಮ ಅಜ್ಞಾನಕ್ಕೆ ಒಂದು ಸಮಜಾಯಿಷಿ ಇದೆ. ನಮ್ಮ ಶಾಮ್‌ಬರ್ಗ್‌ನ ಅತ್ಯಂತ ಎತ್ತರದ ಜಾಗ ಎಂದರೆ ಮಾಲ್‌ನ ಪಾರ್ಕಿಂಗ್ ಕಟ್ಟಡದ ಮೇಲಂತಸ್ತು, ಅದನ್ನೂ ನಾವು ಕಾರಿನಲ್ಲೇ ಹತ್ತುತ್ತೇವೆ. ನನ್ನ ಷಡ್ಡಕ ದೇವೇಂದ್ರ, ಎಂದರೆ ನನ್ನ ಹೆಂಡತಿ ಸುಹಾಸಿನಿಯ ತಂಗಿ ಮಾಳವಿಕಾಳ ಗಂಡ, ಪಕ್ಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದಾರೆ. ಆ ಊರಿನ ಹೆಸರಿನಲ್ಲಿ ಬೆಟ್ಟಗಳಿವೆ. ಅವನ್ನು ಹುಡುಕಿಕೊಂಡು ಹೊರಟವರು ಇನ್ನೂ ಡ್ರೈವ್ ಮಾಡುತ್ತಲೇ ಇದ್ದಾರೆಂದು ಕೇಳಿದ್ದೇನೆ. ಹೀಗೆ ದೋಸೆ ಹಂಚಿನಷ್ಟು ಸಪಾಟಾದ ನೆಲದಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಏರು ಎಂಬುದು ಮರೆತುಹೋದ ಭಾಷೆಯಂತೆ. ಎದುರಿಗೆ ಬಂದು ನಿಂತರೂ ಗುರುತು ಹತ್ತುವುದಿಲ್ಲ.

ಈಗ ದೂರಿನ ಮೂಲಕ್ಕೆ ಬರುತ್ತೇನೆ. ಮೂಲದಲ್ಲಿ ನಮ್ಮ ಅತ್ತೆ ಲಲಿತಮ್ಮನವರಿದ್ದಾರೆ.

ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಒಂದು ಋತುವಿಗೆ ನಮ್ಮಲ್ಲಿ, ಮುಂದಿನ ಋತುವಿಗೆ ಷಡ್ಡಕರಲ್ಲಿ ಇರುವುದು ವಾಡಿಕೆಯಾಯಿತು. ಎರಡು ಮನೆಗಳ ನಡುವೆ ಐದು ಗಂಟೆಯ ಡ್ರೈವ್ ಇರುವುದರಿಂದ ಯಾರೊಬ್ಬರಿಗೂ ಹೆಚ್ಚು ಶ್ರಮವಾಗಬಾರದೆಂದು, ಅರ್ಧದಾರಿಯಲ್ಲಿ ಸಿಗುವ ಕಲಾಮಜೂ ಊರಿನ ಹತ್ತಿರ ಹೆದ್ದಾರಿಯ ಒಂದು ಎಕ್ಸಿಟ್‌ನಲ್ಲಿ, ಬರ್ಗರ್ ಅಂಗಡಿಯೊಂದರ ಪಾರ್ಕಿಂಗ್ ಲಾಟ್‌ನಲ್ಲಿ, ನಮ್ಮ ಕಾರು ಮತ್ತು ಅವರ ಕಾರು ಹಿಂಭಾಗಕ್ಕೆ ಹಿಂಭಾಗ ತಾಗಿಸಿ ನಿಲ್ಲುತ್ತಿದ್ದವು. ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ದೇವರ ಪೆಟ್ಟಿಗೆ, ಅತ್ತೆಯ ಸ್ವಂತ ಕುಕ್ಕರ್, ಸೀರೆಗಳ ಸೂಟ್‌ಕೇಸ್ ದಾಟುತ್ತಿದ್ದವು, ತುಳಸಿ ಕುಂಡಕ್ಕೆ ಸೀಟ್ ಬೆಲ್ಟ್ ಹಾಕಲಾಗುತ್ತಿತ್ತು, ಕೊನೆಯಲ್ಲಿ ಅತ್ತೆ. ಒಮ್ಮೆ ನಮ್ಮ ಮಗಳು ತನಿಷಾ ಇದನ್ನೆಲ್ಲ ಕಾರಿನೊಳಗಿಂದ ನೋಡುತ್ತ, "ಡ್ಯಾಡ್, ದಿಸ್ ಲುಕ್ಸ್ ಲೈಕ್ ಎ ಹಾಸ್ಟೇಜ್ ಎಕ್ಸ್‌ಚೇಂಜ್" ಎಂದಳು. ಅಜ್ಜಿಯನ್ನು ಒತ್ತೆಯಾಳು ಎಂದದ್ದಕ್ಕೆ ನಾನು ಅವಳನ್ನು ಗದರಿದೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಯಾವ ಕಂಪನಿಯ ಗೋದಾಮಿನಲ್ಲಿಯೂ ಇಲ್ಲವೆಂದು ದೇವೇಂದ್ರ ಮತ್ತು ನಾನು ಅಲ್ಲಿಯೇ ಕಾಫಿ ಕುಡಿಯುತ್ತ ಪರಸ್ಪರ ಅಭಿನಂದಿಸಿಕೊಳ್ಳುತ್ತಿದ್ದೆವು.

ಕಳೆದ ಚಳಿಗಾಲದಲ್ಲಿ, ಥರ್ಮಾಮೀಟರು ಹತ್ತು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದ್ದ ಒಂದು ಮಧ್ಯಾಹ್ನ, ಇದೇ ಪಾರ್ಕಿಂಗ್ ಲಾಟ್‌ನಲ್ಲಿ, ಎರಡು ಕಾರುಗಳ ನಡುವೆ ನಿಂತು, ಅತ್ತೆಯವರು ತಮಗೊಂದು ಸಣ್ಣ ಅಪಾರ್ಟ್‌ಮೆಂಟ್ ನೋಡಬೇಕೆಂದು ಹೇಳಿದರು. ಶಾಮ್‌ಬರ್ಗ್‌ನಲ್ಲೇ ಆಗಲಿ, ಲೈಬ್ರರಿಗೂ ಇಂಡಿಯನ್ ಗ್ರೋಸರಿಗೂ ನಡೆದು ಹೋಗುವಂತಿರಲಿ, ಒಂದು ರೂಮು ಒಂದು ಅಡುಗೆಮನೆ ಸಾಕು, ಒಬ್ಬಳೇ ಇರುತ್ತೇನೆ ಎಂದರು. ತುಳಸಿ ಕುಂಡ ದೇವೇಂದ್ರರ ಕೈಯಲ್ಲೇ ಉಳಿಯಿತು.

ನಾವು ಒಪ್ಪಲಿಲ್ಲ. ಹೊರಗೆ ಹೇಳಿದ ಕಾರಣ ಅವರ ಮಂಡಿ: ಮೆಟ್ಟಿಲ ಮೇಲೆ ನೋಯುವ ಮಂಡಿ ಇಟ್ಟುಕೊಂಡು, ಕಾರಿಲ್ಲದೆ ಹಾಲು ತರಲೂ ಆಗದ ಈ ದೇಶದಲ್ಲಿ, ಒಬ್ಬರೇ ಹೇಗಿರುತ್ತಾರೆ? ಒಳಗಿನ ಕಾರಣವನ್ನು, ತಾವು ಒಳಗೊಂದು ಹೊರಗೊಂದು ಇರುವವರಾದ್ದರಿಂದ, ತಮಗೆ ಹೇಳಬಹುದು. ನಮ್ಮ ಕಡೆಯ ಕನ್ನಡಿಗರೆಲ್ಲ ಸೇರುವ ಲೆಮಾಂಟ್ ದೇವಸ್ಥಾನದಲ್ಲಿ ಹಬ್ಬದ ದಿನ ಊಟಕ್ಕೆ ಸಾಲು ನಿಂತಾಗ ಹಿಂದಿನವರು ಮುಂದಿನವರ ಕಿವಿಯಲ್ಲಿ ಹೇಳುವ ಮಾತು ನನಗೆ ಆಗಲೇ ಕೇಳಿಸುತ್ತಿತ್ತು: "ಇಬ್ಬರು ಅಳಿಯಂದಿರಿಗೂ ಅಷ್ಟಷ್ಟು ದೊಡ್ಡ ಮನೆ. ಆದ್ರೂ ಆ ಆಂಟೀನ ಅಪಾರ್ಟ್‌ಮೆಂಟಲ್ಲಿ ಬಿಟ್ಟಿದಾರಂತೆ ರೀ." ತಟ್ಟೆ ಹಿಡಿದುಕೊಂಡು ಅದಕ್ಕೆ ನಾನು ಏನು ಉತ್ತರ ಕೊಡಲಿ?

ಅಷ್ಟರಲ್ಲಿ ಅಕ್ಕತಂಗಿಯರು ಸೇರಿ ಬೇಸಿಗೆಗೆ ಫ್ರಾನ್ಸ್ ಪ್ರವಾಸ ನಿಶ್ಚಯಿಸಿದ್ದರು. ಹಳ್ಳಿಗಾಡಿನಲ್ಲಿ ಒಂದು ಮನೆ, ಬಾಡಿಗೆ ಸೈಕಲ್ಲು, ಹಳೆಯ ರೈಲುದಾರಿ. ದಾರಿಯನ್ನು ಆರಿಸಿದವರು ದೇವೇಂದ್ರ. ಕಾರಿನ ಕಂಪನಿಯಲ್ಲಿ ಇಂಜಿನಿಯರಾದ ಅವರು, ರೈಲು ಬೆಟ್ಟ ಹತ್ತುವುದಿಲ್ಲ, ಆದ್ದರಿಂದ ರೈಲು ಓಡಾಡಿದ ದಾರಿ ಸಪಾಟಾಗಿರಲೇಬೇಕು ಎಂದು ಊಟದ ಮೇಜಿನ ಮೇಲೆ ಚಮಚ ಇಟ್ಟು ತೋರಿಸಿದರು. ತಮ್ಮ ಅಸ್ತಿತ್ವವನ್ನು ಇಷ್ಟು ಶಾಸ್ತ್ರೀಯವಾಗಿ ಅಲ್ಲಗಳೆದವರು ಇನ್ನೊಬ್ಬರಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು. ನನಗಿಂತ ಅವರ ಮೇಲೆ ತಮಗೆ ಹೆಚ್ಚು ಕೋಪವಿದ್ದರೆ ನನ್ನ ಅಡ್ಡಿಯಿಲ್ಲ. ಅದೇ ಚಮಚ ಹಿಡಿದು ಅವರು ಅತ್ತೆಯವರಿಗೊಂದು ಪಂಥ ಒಡ್ಡಿದರು. ಆ ದಾರಿಯಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಆರು ಮೈಲಿ. ಕಾರು ಕರೆಸದೆ ಅಷ್ಟು ನಡೆದರೆ ಅಪಾರ್ಟ್‌ಮೆಂಟ್, ಕರೆಸಿದರೆ ಇನ್ನು ಆ ಮಾತು ಎತ್ತಬಾರದು. ಅತ್ತೆಯವರು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸದೆಯೇ, ಆಗಲಿ ಎಂದರು.

ಆ ಎರಡು ಸ್ಟೇಷನ್‌ಗಳ ಊರುಗಳ ಹೆಸರನ್ನು ಇಲ್ಲಿ ಬರೆಯಲಾರೆ. ಬರೆಯುವ ಅಕ್ಷರಗಳಲ್ಲಿ ಅರ್ಧವನ್ನು ಉಚ್ಚರಿಸಬಾರದೆಂದು ಅಲ್ಲಿಯವರು ಹೇಳಿದರು, ಯಾವ ಅರ್ಧವೆಂದು ಹೇಳಲಿಲ್ಲ. ನಾವು ಉಳಿದುಕೊಂಡದ್ದನ್ನು ಬೇಕರಿ ಊರು ಎಂದೂ, ಹಳೆಯ ಸ್ಟೇಷನ್ನಿನಲ್ಲಿ ನಿಂತುಹೋದ ಗಡಿಯಾರವಿದ್ದದ್ದನ್ನು ಗಡಿಯಾರದ ಊರು ಎಂದೂ ಕರೆದುಕೊಂಡೆವು. ಪಂಥದ ದಿನ ಬೆಳಿಗ್ಗೆ, ಮನೆಯ ಒಡತಿ ಗಡಿಯಾರದ ಊರಿನ ಸಂತೆಗೆ ಕಾರಿನಲ್ಲಿ ಹೊರಟಿದ್ದರು. ಸಂತೆ ನೋಡಬೇಕೆಂದು ಅತ್ತೆಗೆ ಆಸೆಯಾಯಿತು. ಹೋಗುವಾಗ ಅವರ ಕಾರಿನಲ್ಲಿ ಹೋಗಿ, ಸಂತೆ ಮುಗಿಸಿ, ಅಲ್ಲಿಂದ ಬೇಕರಿ ಊರಿಗೆ ನಡೆದು ಬರಬಹುದೇ ಎಂದು ಕೇಳಿದರು. ಆಗ ದೇವೇಂದ್ರ ಹೇಳಿದ ಮಾತನ್ನು ಸಾಕ್ಷಿಗಳ ಸಮೇತ ಇಲ್ಲಿ ದಾಖಲಿಸುತ್ತೇನೆ.

"ಫ್ಲಾಟ್ ರೋಡಿಗೆ ಯಾವ ಕಡೆಯಿಂದ ನಡೆದರೇನು ಅತ್ತೆ. ಎರಡೂ ಒಂದೇ."

ಹೀಗೆ ಮೂವರು ಹೆಂಗಸರು ಕಾರು ಹತ್ತಿದರು. ನಾವಿಬ್ಬರು ಬೇಕರಿ ಊರಿನಿಂದ ಸೈಕಲ್ಲಿನಲ್ಲಿ ಹೊರಟು, ನಡುದಾರಿಯ ಗೇಟ್‌ಮನ್ನನ ಹಳೇ ಮನೆಯ ಹತ್ತಿರ ಅವರನ್ನು ಎದುರುಗೊಂಡು, ಅಲ್ಲಿ ಎಲ್ಲರೂ ಊಟ ಮಾಡುವುದೆಂದು ಮಾತಾಯಿತು. ಚಿತ್ರಾನ್ನದ ಡಬ್ಬಿ, ಚಪಾತಿ, ನೀರು ನನ್ನ ಸೈಕಲ್ಲಿನಲ್ಲಿ. ಅತ್ತೆ ಸುಸ್ತಾದರೆ ಕೂರಿಸಲೆಂದು ಒಂದು ಮಡಿಚುವ ಕುರ್ಚಿ ದೇವೇಂದ್ರರ ಸೈಕಲ್ಲಿನ ಕ್ಯಾರಿಯರ್ ಮೇಲೆ.

ಮಾನ್ಯರೇ, ಅಲ್ಲಿಂದ ಮುಂದಿನದನ್ನು ತಾವು ಅಡಿಯಿಂದ ಮಲಗಿಕೊಂಡು ನೋಡಿದ್ದೀರಿ. ಆದರೂ ದೂರಿನ ಕ್ರಮಕ್ಕಾಗಿ ಹೇಳಬೇಕು. ಮೊದಲ ಅರ್ಧ ಮೈಲಿಯಲ್ಲೇ ಬ್ರೇಕು ಹಿಡಿದುಕೊಂಡಿದೆ ಎಂದು ದೇವೇಂದ್ರ ಸೈಕಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸಿದರು. ಅದು ಗಿರಗಿರನೆ ತಿರುಗಿತು. ಟಯರಿನಲ್ಲಿ ಗಾಳಿ ಕಡಿಮೆ ಎಂದರು. ಗಾಳಿ ಹೊಡೆದು ನಮ್ಮಿಬ್ಬರ ಉಸಿರೇ ಕಡಿಮೆಯಾಯಿತು. ಎದುರುಗಾಳಿ ಎಂದೆ ನಾನು; ಒಂದು ಸೂರ್ಯಕಾಂತಿಯೂ ಅಲುಗುತ್ತಿರಲಿಲ್ಲ. ಸೈಕಲ್ ಅದಲುಬದಲು ಮಾಡಿಕೊಂಡು, ಇಷ್ಟು ಹೊತ್ತು ಇನ್ನೊಬ್ಬನದು ಒಳ್ಳೆಯ ಸೈಕಲ್ಲಾಗಿತ್ತೆಂದು ಇಬ್ಬರೂ ಒಳಗೊಳಗೇ ಸಿಟ್ಟಾಗಿದ್ದದ್ದು ತಪ್ಪೆಂದು ತಿಳಿದುಕೊಂಡೆವು. ರಾತ್ರಿಯ ಚೀಸ್ ಮೇಲೂ ಸ್ವಲ್ಪ ಆಪಾದನೆ ಬಂತು. ಎದುರಿನಿಂದ ಬರುತ್ತಿದ್ದವರೆಲ್ಲ, ನಮ್ಮ ಅಪ್ಪನ ವಯಸ್ಸಿನವರು ಕೂಡ, ಪೆಡಲ್ ಮೇಲೆ ಕಾಲು ಸುಮ್ಮನೆ ಇಟ್ಟುಕೊಂಡು, ಕೂದಲು ಹಾರಿಸಿಕೊಂಡು, ಬೋಂಜೂರ್ ಎನ್ನುತ್ತ ತೇಲಿ ಹೋಗುತ್ತಿದ್ದರು. ಒಬ್ಬರೂ ತುಳಿಯುತ್ತಿರಲಿಲ್ಲ. ಇದರಿಂದ ನಾವು ಏನನ್ನು ಊಹಿಸಬೇಕಿತ್ತೋ ಅದನ್ನು ಊಹಿಸಲಿಲ್ಲ. ಫ್ರೆಂಚ್ ಜನ ಬಹಳ ಗಟ್ಟಿಮುಟ್ಟು, ಆಲಿವ್ ಎಣ್ಣೆ ತಿನ್ನುತ್ತಾರೆ ಎಂದು ತೀರ್ಮಾನಿಸಿದೆವು.

ಎರಡನೇ ಮೈಲಿಯ ಹೊತ್ತಿಗೆ ದೇವೇಂದ್ರ ಮೆಲ್ಲಗೆ, "ಭಾವ, ನೀವು ಲಾಸ್ಟ್ ಯಾವಾಗ ಹಾರ್ಟ್ ಚೆಕ್ ಮಾಡಿಸಿದ್ರಿ?" ಎಂದು ಕೇಳಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ಸಪಾಟು ದಾರಿಯಲ್ಲಿ, ಗಾಳಿಯಿಲ್ಲದ ದಿನ, ಸುಸ್ಥಿತಿಯ ಸೈಕಲ್ ತುಳಿಯಲಾಗದವನಿಗೆ ಉಳಿಯುವ ಕಾರಣ ಒಂದೇ. ಅತ್ತೆಯವರ ಮಂಡಿಯ ಬಗ್ಗೆ ಅಷ್ಟೆಲ್ಲ ತೀರ್ಪು ಕೊಟ್ಟ ನಾನು ಬೇಲಿಯ ಪಕ್ಕದ ಹುಲ್ಲಿನ ಮೇಲೆ ಮಲಗಿದೆ. ದೇವೇಂದ್ರ ಅತ್ತೆಯ ಕುರ್ಚಿಯನ್ನು ಬಿಚ್ಚಿ ಅದರಲ್ಲಿ ಕುಳಿತರು. ಹಸುಗಳು ಸಾಲಾಗಿ ಬೇಲಿಗೆ ಬಂದು ನಿಂತು, ತಮ್ಮ ಜೀವಮಾನದಲ್ಲಿ ಇಂಥದನ್ನು ಕಂಡಿಲ್ಲವೆಂಬಂತೆ ನೋಡತೊಡಗಿದವು.

ನಾವು ಹೀಗಿರುವಾಗ, ದಾರಿಯ ಆ ತುದಿಯಿಂದ, ಇಳಕಲ್ ಸೀರೆಯ ಕೆಳಗೆ ಬಿಳಿಯ ಸ್ನೀಕರ್ಸ್ ಹಾಕಿಕೊಂಡು, ಸಂತೆಯಲ್ಲಿ ಕೊಂಡ ಒಂದು ಕಟ್ಟು ಮೂಲಂಗಿ ಹಿಡಿದುಕೊಂಡು, ಹೆಣ್ಣುಮಕ್ಕಳೊಡನೆ ಹರಟುತ್ತ ಅತ್ತೆಯವರು ಬಂದರು. ಗೇಟ್‌ಮನ್ನನ ಮನೆಯ ಹತ್ತಿರ ನಾವು ಕಾಣದಿದ್ದುದರಿಂದ ಇನ್ನೂ ಒಂದು ಮೈಲಿ ಹಾಗೇ ಬಂದಿದ್ದರಂತೆ. ಕುರ್ಚಿಯಲ್ಲಿದ್ದ ಅಳಿಯನನ್ನೂ ಹುಲ್ಲಿನಲ್ಲಿದ್ದ ಅಳಿಯನನ್ನೂ ಒಮ್ಮೆ ನೋಡಿ, ಚೀಲದಿಂದ ಡಬ್ಬಿ ತೆಗೆದು ಇಬ್ಬರಿಗೂ ಒಂದೊಂದು ಎಳ್ಳುಂಡೆ ಕೊಟ್ಟರು. ದೇವೇಂದ್ರ ಕುರ್ಚಿಯಿಂದಲೇ ಕೈ ಚಾಚಿದರು. ಉಂಡೆ ಜಾರಿತು. ಡಾಂಬರಿನ ಮೇಲೆ ಬಿತ್ತು, ಒಂದು ಕ್ಷಣ ಯೋಚಿಸಿತು, ಮತ್ತೆ ಬೇಕರಿ ಊರಿನ ಕಡೆಗೆ ಉರುಳತೊಡಗಿತು.

ಅದು ನಿಲ್ಲಲಿಲ್ಲ. ಮಾಳವಿಕಾಳ ಕಾಲು ದಾಟಿತು, ಸೈಕಲ್ ದಾಟಿತು, ಹಸುಗಳು ತಲೆ ತಿರುಗಿಸುತ್ತಿದ್ದಂತೆ ವೇಗ ಹೆಚ್ಚಿಸಿಕೊಂಡು, ನಾವು ಇಡೀ ಬೆಳಿಗ್ಗೆ ಬೆವರಿ ಬಂದ ದಾರಿಯನ್ನು ಯಾರ ಹಂಗೂ ಇಲ್ಲದೆ ಇಳಿದು ಕಣ್ಮರೆಯಾಯಿತು. ಮಾನ್ಯರೇ, ತಮ್ಮ ದರ್ಶನ ನಮಗಾದದ್ದು ಆಗಲೇ. ಮಾಳವಿಕಾ ಗಂಡನ ಕಡೆಗೆ ತಿರುಗಿ, "ರೀ, ಅದಕ್ಕೂ ಸ್ವಲ್ಪ ಹೇಳಿ, ರೋಡ್ ಫ್ಲಾಟ್ ಅಂತ" ಎಂದಳು.

ಇಂಜಿನಿಯರು ಸುಲಭವಾಗಿ ಸೋಲುವುದಿಲ್ಲ. ಹಾಗಾದರೆ ಅತ್ತೆಯವರು ನಡೆದದ್ದು ಇಳಿಜಾರಿನಲ್ಲಿ, ಇಳಿಜಾರಿನ ನಡಿಗೆ ನಡಿಗೆಯಲ್ಲ, ಪಂಥ ರದ್ದು ಎಂದು ದೇವೇಂದ್ರ ಕುರ್ಚಿಯಿಂದ ಏಳದೆಯೇ ವಾದಿಸಿದರು. ನಾಚಿಕೆಯಾಗುತ್ತದೆ, ನಾನೂ ತಲೆಯಾಡಿಸಿದೆ. ಅತ್ತೆಯವರು ಡಬ್ಬಿಯ ಮುಚ್ಚಳ ಹಾಕುತ್ತ ಶಾಂತವಾಗಿ ಹೇಳಿದರು:

"ಎರಡೂ ಒಂದೇ ಅಂತ ನೀವೇ ಹೇಳಿದ್ರಲ್ಲ ದೇವೇಂದ್ರ. ನೀವು ಓದಿದೋರು, ನಾನು ನಂಬಿದೆ."

ಮಿಕ್ಕ ಎರಡು ಮೈಲಿಗೆ ನಾನು ಸೈಕಲ್ ತಳ್ಳಿಕೊಂಡು ಅವರ ಪಕ್ಕದಲ್ಲಿ ನಡೆದೆ. ಕೊನೆಕೊನೆಗೆ ಅವರಿಗೆ ಮಂಡಿ ನೋಯತೊಡಗಿತ್ತು. ತಮ್ಮ ಇಳಿಜಾರು ಮಂಡಿಗೆ ಅಷ್ಟೇನೂ ಉಪಕಾರಿಯಲ್ಲ ಎಂಬುದನ್ನೂ ಈ ದೂರಿನಲ್ಲಿ ಸೇರಿಸಿಕೊಳ್ಳಿ. ಒಂದು ಕೈಯನ್ನು ಸೈಕಲ್ಲಿನ ಸೀಟಿನ ಮೇಲೆ ಇಟ್ಟು ಭಾರ ಬಿಟ್ಟರು. ಸೈಕಲ್ ಕಾರಲ್ಲವಾದ್ದರಿಂದ ನಾನು ನೋಡದವನಂತೆ ಇದ್ದೆ. ನಮ್ಮ ಮನೆಯಲ್ಲಿ ಏನು ಕೊರತೆಯಾಯಿತು ಅತ್ತೆ ಎಂದು, ಇಷ್ಟು ದಿನ ಕೇಳದಿದ್ದದ್ದನ್ನು, ಆಗ ಕೇಳಿದೆ.

"ಕೊರತೆ ಏನಿಲ್ಲ ಕೇಶವ್. ಆ ಪಾರ್ಕಿಂಗ್ ಲಾಟಲ್ಲಿ ಒಂದು ಕಾರಿಂದ ಇಳಿದು ಇನ್ನೊಂದು ಕಾರು ಹತ್ತೋ ಮುಂಚೆ ಒಂದೆರಡು ನಿಮಿಷ ನಿಂತಿರ್ತೀನಲ್ಲ, ಆಗ ನಾನು ಯಾರ ಮನೆಯವಳೂ ಅಲ್ಲ ಅನ್ಸುತ್ತೆ. ನನ್ನದೂ ಅಂತ ಒಂದು ಬಾಗಿಲು ಇರಲಿ. ನೀವೆಲ್ಲ ಬನ್ನಿ. ಬೆಲ್ ಮಾಡಿ. ನಾನು ಬಂದು ತೆಗೀತೀನಿ."

ಹಿಂದೆ ಕುರ್ಚಿ ಹೇರಿದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ದೇವೇಂದ್ರ ಪಂಥ ರದ್ದೆಂಬ ವಾದ ಬಿಟ್ಟು, ಅತ್ತೆಯ ಕೈಯಲ್ಲಿದ್ದ ಮೂಲಂಗಿ ಕಟ್ಟನ್ನು ಬೇಕರಿ ಊರಿನವರೆಗೆ ತಾವೇ ಹಿಡಿದುಕೊಂಡರು. ಅತ್ತೆ ಹಳೇ ಪ್ಲಾಟ್‌ಫಾರ್ಮಿನ ಕಲ್ಲು ಮುಟ್ಟಿ ಕುಳಿತರು. ಬೇಕರಿ ಮುಚ್ಚಿತ್ತು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳಿವೆ. ತಾವು ಇನ್ನು ಮುಂದೆ ಇಲಿನಾಯ್ ಮತ್ತು ಮಿಶಿಗನ್‌ನಿಂದ ಬರುವ ಗಂಡಸರು ಕಂಡಾಗಲಾದರೂ ಒಂದು ಗೂನು ತೋರಿಸಿ ಎದ್ದು ನಿಲ್ಲಬೇಕು. ಅದಾಗದಿದ್ದರೆ, ಆ ಬೆಳಿಗ್ಗೆಯ ಮಟ್ಟಿಗೆ ಹಿಂದಿನ ದಿನಾಂಕದಿಂದ ಜಾರಿಯಾಗುವಂತೆ ಸಪಾಟಾಗಬೇಕು. ತಮ್ಮಂಥವರಿಗೆ ಎರಡಡಿ ಬಗ್ಗುವುದು ದೊಡ್ಡದಲ್ಲ. ನನ್ನ ಹೃದಯ ಸರಿಯಾಗಿದೆಯೆಂದು ತಮ್ಮಿಂದ ಒಂದು ಮಾತು ಬಂದರೆ, ನಾನು ಡಾಕ್ಟರ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಬಹುದು. ಆ ಬ್ರೇಕುಗಳ ಕ್ಷಮೆ ಕೇಳಬೇಕು. ತಪ್ಪಿಸಿಕೊಂಡ ಎಳ್ಳುಂಡೆ ಈಗ ಎಲ್ಲಿದೆ, ಮೆಡಿಟರೇನಿಯನ್ ಮುಟ್ಟಿತೇ ಎಂಬುದನ್ನು ತಿಳಿಸಬೇಕು. ದೇವೇಂದ್ರ ಇನ್ನೂ ಅದರ ಲೆಕ್ಕಾಚಾರದಲ್ಲಿದ್ದಾರೆ.

ಕೊನೆಯದಾಗಿ, ತಾವು ವರ್ಗಾವಣೆ ಪಡೆದು ಶಾಮ್‌ಬರ್ಗ್‌ಗೆ ಬರಬೇಕು. ವೀಸಾದ ಚಿಂತೆ ಬೇಡ, ಕಣ್ಣಿಗೆ ಕಾಣದವರನ್ನು ಯಾವ ಕೌಂಟರಿನಲ್ಲಿಯೂ ತಡೆಯುವುದಿಲ್ಲ; ಕಣ್ಣಿಗೆ ಕಾಣುವುದರಿಂದಲೇ ನಮಗೆಲ್ಲ ಇಷ್ಟು ತಾಪತ್ರಯ. ನಮ್ಮ ಮನೆಯಿಂದ ಅತ್ತೆಯವರ ಹೊಸ ಅಪಾರ್ಟ್‌ಮೆಂಟಿನವರೆಗೆ ಇರುವ ಕಾಲುದಾರಿಯ ಕೆಳಗೆ ತಮಗೆ ಒಳ್ಳೆಯ ಜಾಗವಿದೆ. ನಿಜ ಹೇಳಬೇಕೆಂದರೆ ತಾವು ಆಗಲೇ ಬಂದು ಸೇರಿಕೊಂಡಿದ್ದೀರೆಂದು ನನ್ನ ಗುಮಾನಿ. ಭಾನುವಾರ ಅಲ್ಲಿಗೆ ನಡೆದು ಹೋಗುವಾಗ ಕಾಲುಗಳು ತಾವಾಗಿ ಹೋಗುತ್ತವೆ. ಬಿಸಿಬೇಳೆಬಾತ್ ಮುಗಿಸಿ ಹಿಂದಿರುಗುವಾಗ ಶೇಕಡಾ ಎರಡಕ್ಕಿಂತ ಕಡಿಮೆಯಿಲ್ಲ. ದೇವೇಂದ್ರರಿಗೆ ಈಗ ಅರ್ಧದಾರಿಯ ಎಕ್ಸಿಟ್ ಇಲ್ಲ, ಪೂರ್ತಿ ಐದು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾರೆ, ಬಂದು ಹೆಚ್ಚು ತಿನ್ನುತ್ತಾರೆ. ಲೆಮಾಂಟ್‌ನ ಊಟದ ಸಾಲಿನಲ್ಲಿ ನಾನು ನಿರೀಕ್ಷಿಸಿದ ಮಾತೇ ಬಂತು. ನನ್ನ ಮುಂದೆ ನಿಂತಿದ್ದ ಅತ್ತೆಯವರೇ ತಿರುಗಿ, ಮಾತಾಡಿದವರನ್ನು ಮುಂದಿನ ಭಾನುವಾರ ತಮ್ಮ ಮನೆಗೆ ಊಟಕ್ಕೆ ಕರೆದುಬಿಟ್ಟರು.

ಅತ್ತೆಯವರ ಆ ಮನೆಗೆ ಮೊದಲ ಸಲ ಹೋದ ದಿನ, ಇರಲಿ ಎಂದು ಸುಹಾಸಿನಿ ಕೊಟ್ಟ ಇನ್ನೊಂದು ಬೀಗದ ಕೈ ನನ್ನ ಜೇಬಿನಲ್ಲಿತ್ತು. ಬೆಲ್ ಮಾಡಿದೆ. ಒಳಗಿನಿಂದ ಸ್ನೀಕರ್ಸ್ ನಿಧಾನವಾಗಿ ಬರುವ ಸದ್ದು ಕೇಳಿಸಿತು. ಬಹಳ ಹೊತ್ತು ಹಿಡಿಯಿತು. ಜೇಬಿಗೆ ಕೈ ಹಾಕದೆ ಕಾದೆ. ಅತ್ತೆಯವರು ಬಾಗಿಲು ತೆಗೆದು, ಮೊದಲ ಬಾರಿ ಮನೆಗೆ ಬಂದ ಅಳಿಯನಿಗೆ ಹೇಳುವಂತೆ, "ಬನ್ನಿ, ಒಳಗೆ ಬನ್ನಿ" ಎಂದರು.

ತಮ್ಮ ಉತ್ತರದ ನಿರೀಕ್ಷೆಯಲ್ಲಿ, ಉತ್ತರ ಬಂದರೂ ಅದು ಸಪಾಟಾಗಿಯೇ ಕಾಣುವುದೆಂದು ಬಲ್ಲ,

ತಮ್ಮ ವಿಶ್ವಾಸಿ,
ಏದುಸಿರಿನೊಂದಿಗೆ,
ಕೇಶವ್
ಶಾಮ್‌ಬರ್ಗ್

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅತ್ತೆಯವರಿಗೆ ಓದಿ ಹೇಳಿದೆ. ತಮ್ಮನ್ನು ಬೈದದ್ದು ಅವರಿಗೆ ಸರಿಬರಲಿಲ್ಲ. "ಅದು ಅಲ್ಲೇ ಇತ್ತು ಕೇಶವ್, ನಿಮ್ಮನ್ನೇನು ಕರೆದಿತ್ತಾ?" ಎಂದರು. ಮುಂದಿನ ಬೇಸಿಗೆಗೆ ಅವರೇ ಬೇಕರಿ ಊರಿನಿಂದ ಗಡಿಯಾರದ ಊರಿಗೆ, ಎಂದರೆ ತಮ್ಮ ಬೆನ್ನ ಮೇಲೆ, ಹತ್ತುತ್ತಾರಂತೆ, ದಯವಿಟ್ಟು ಸಿದ್ಧರಾಗಿರಿ. ಕುರ್ಚಿಯನ್ನು ಮರೆಯದೆ ತರಬೇಕೆಂದು ದೇವೇಂದ್ರರಿಗೆ ಫೋನ್ ಮಾಡಿ ತಿಳಿಸಿದ್ದಾರೆ, ಅಳಿಯಂದಿರಿಗೆ ಬೇಕಾಗುತ್ತದಂತೆ.